ಬೆಳೆ ಕಾಯುವ ಬಂದೂಕು ಮತ್ತು ಕಣ್ಣಿನ ರಕ್ಷಣೆ

ಭತ್ತದ ತೆನೆಯು ಹಾಲುಗಟ್ಟುವ ಕಾಲಕ್ಕೂ ಕಾಡುಹಂದಿಗಳು ಗದ್ದೆಗೆ ಇಳಿಯುವ ಕಾಲಕ್ಕೂ ಇರತಕ್ಕ ನಂಟನ್ನು ಮಲೆನಾಡಿನ ಹಾಗೂ ಕಾಡಂಚಿನ ಬೇಸಾಯಗಾರರೆಲ್ಲರೂ ಬಲ್ಲರು. ತಿಂಗಳುಗಟ್ಟಲೆ ಪಟ್ಟ ಶ್ರಮವು ಒಂದೇ ರಾತ್ರಿಯಲ್ಲಿ ತುಳಿತಕ್ಕೆ ಸಿಕ್ಕಿ ಹಾಳಾಗುವುದನ್ನು ಕಂಡವರು ಅಟ್ಟಣೆ ಕಟ್ಟಿ, ಡಬ್ಬ ಬಡಿದು, ಬೆಂಕಿ ಹಾಕಿ, ಕಡೆಗೆ ಬಂದೂಕನ್ನು ಹಿಡಿದು ಕಾವಲು ಕೂರುವುದು ಸಹಜವೇ ಆಗಿದೆ. ಸರ್ಕಾರವೂ ಬೆಳೆ ರಕ್ಷಣೆಗೆಂದು ಲೈಸೆನ್ಸು ಕೊಡುವ ಏರ್ಪಾಡನ್ನು ಇಟ್ಟಿದೆ. ಆದುದರಿಂದ ನೇಗಿಲು, ಪಂಪು, ಸಿಂಪರಣೆಯ ಯಂತ್ರ ಮುಂತಾದವುಗಳಂತೆ ಬಂದೂಕು ಸಹ ಅನೇಕ ಮನೆಗಳಲ್ಲಿ ಬೇಸಾಯದ ಉಪಕರಣಗಳೊಳಗೆ ಒಂದಾಗಿ ಸೇರಿಹೋಗಿದೆ.

ಬಂದೂಕಿನ ಬಾಯಿಗೆ ಎದುರಾಗಿ ನಿಲ್ಲಕೂಡದೆಂಬುದನ್ನು ಚಿಕ್ಕ ಮಕ್ಕಳೂ ಬಲ್ಲರು. ಆದರೆ ಕೆಟ್ಟ ಬಂದೂಕು ಹಿಂದಕ್ಕೂ ಸಿಡಿಯುವುದುಂಟು. ಆಗ ಅದರ ಹಿಂದೆ ಇರುವುದು ಹಾರಿಸುವವನ ಕಣ್ಣು. ಈ ಎರಡನೆಯ ಸಂಗತಿಯನ್ನು ಬಲ್ಲವರು ಕಡಿಮೆ. ಬಲ್ಲವರೊಳಗೂ ಅದಕ್ಕೆ ತಕ್ಕ ಎಚ್ಚರವನ್ನು ವಹಿಸುವವರು ಇನ್ನೂ ಕಡಿಮೆ. ಬಂದೂಕು ಯಾವ ಯಾವ ಕಾರಣಗಳಿಂದ ಕೆಡುವುದು, ಕೆಟ್ಟಾಗ ಕಣ್ಣಿಗೆ ಏನಾಗುವುದು, ಅದನ್ನು ತಪ್ಪಿಸಲು ಏನು ಮಾಡತಕ್ಕದ್ದು ಎಂಬುದನ್ನು ಗ್ರಾಮಗಳ ಮುಖಂಡರ ಹಾಗೂ ಜಮೀನುದಾರರ ಮುಂದೆ ಇಡುವುದೇ ಈ ಲೇಖನದ ಉದ್ದೇಶವಾಗಿದೆ.

1. ನಮ್ಮಲ್ಲಿರತಕ್ಕ ಬಂದೂಕುಗಳು

ನಮ್ಮ ಗ್ರಾಮಗಳಲ್ಲಿ ಬಳಕೆಯಲ್ಲಿರುವ ಬಂದೂಕುಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ನಳಿಗೆಯ ಬಾಯಿಂದಲೇ ಮದ್ದು, ಚರೆಗಳನ್ನು ಹಾಕಿ ಗಜದಿಂದ ಜಡಿದು ತುಂಬುವ ಕೇಪಿನ ಕೋವಿ. ಎರಡನೆಯದು ಹಿಂಬದಿಯನ್ನು ಮಡಿಚಿ ತೋಟಾ ಹಾಕುವ ಒಂಟಿ ಅಥವಾ ಜೋಡಿ ನಳಿಗೆಯ ತೋಟಾ ಕೋವಿ.

ಕೇಪಿನ ಕೋವಿಯ ಹಿಂಬದಿಯಲ್ಲಿ ಸಣ್ಣ ತೂತುಳ್ಳ ಒಂದು ತೊಟ್ಟು ಇರುವುದು. ತಾಮ್ರ ಅಥವಾ ಹಿತ್ತಾಳೆಯ ತೆಳುವಾದ ತಗಡಿನಿಂದ ಮಾಡಿದ, ಒಳಗೆ ತಟ್ಟಿದರೆ ಸಿಡಿಯುವ ಮದ್ದನ್ನು ಲೇಪಿಸಿದ ಕೇಪನ್ನು ಆ ತೊಟ್ಟಿನ ಮೇಲೆ ಟೋಪಿಯಂತೆ ಕೂರಿಸುತ್ತಾರೆ. ಕುದುರೆಯು ಅದರ ಮೇಲೆ ಬಡಿದೊಡನೆ ಕಿಡಿಯು ತೂತಿನ ಮೂಲಕ ಒಳಗಿನ ಮದ್ದಿಗೆ ಹತ್ತುವುದು. ತಟ್ಟಿದರೆ ಸಿಡಿಯುವ ಇಂಥ ಮದ್ದಿನಿಂದ ಬಂದೂಕನ್ನು ಹೊತ್ತಿಸುವ ಕ್ರಮಕ್ಕೆ ಸ್ಕಾಟ್ಲೆಂಡಿನ ಪಾದ್ರಿಯಾದ ಅಲೆಗ್ಸಾಂಡರ್ ಫೋರ್ಸೈತ್ ಎಂಬವರು 1807ರಲ್ಲಿ ಹಕ್ಕುಪತ್ರ ಪಡೆದರು. ತಗಡಿನ ಕೇಪು ಅದರ ಬೆನ್ನಿಗೇ ಬಂದಿತು. ಎರಡು ಶತಮಾನಗಳು ಕಳೆದರೂ ಒಂದು ಸಂಗತಿ ಮಾತ್ರ ಬದಲಾಗಿಲ್ಲ. ಬಂದೂಕನ್ನು ಭುಜಕ್ಕೆ ಒತ್ತಿ ಗುರಿ ನೋಡುವಾಗ ಆ ಕೇಪಿಗೂ ನಮ್ಮ ಕಣ್ಣಿಗೂ ನಡುವಿನ ದೂರವು ಒಂದು ಮೊಳಕ್ಕಿಂತ ಕಡಿಮೆ. ಅಷ್ಟರಲ್ಲಿ ಬೇರಾವ ಮರೆಯೂ ಇಲ್ಲ.

ತೋಟಾ ಕೋವಿಯಲ್ಲಿ ಕೇಪು, ಮದ್ದು, ರಟ್ಟಿನ ಬಿಲ್ಲೆ, ಚರೆ ಇವೆಲ್ಲವೂ ಒಂದೇ ಕೊಳವೆಯೊಳಗೆ ಅಡಕವಾಗಿವೆ. ಹಿಂಬದಿಯು ಬಿಗಿಯಾಗಿ ಮುಚ್ಚಿಕೊಳ್ಳುವುದರಿಂದ ಇದು ಮೊದಲನೆಯದಕ್ಕಿಂತ ಕ್ಷೇಮಕರ. ಆದರೆ ಆ ಕ್ಷೇಮವು ಮುಚ್ಚುವ ಭಾಗವು ಬಿಗಿಯಾಗಿರುವವರೆಗೆ ಮಾತ್ರ ಎಂಬುದನ್ನು ಮರೆಯತಕ್ಕದ್ದಲ್ಲ. ತಾತನ ಕಾಲದಿಂದ ಬಂದ ಬಂದೂಕನ್ನು ಮುಚ್ಚಿ ಹಿಡಿದು ಅಲುಗಾಡಿಸಿದಾಗ ನಳಿಗೆಯು ಸಡಿಲವಾಗಿ ಕದಲುತ್ತಿದ್ದರೆ, ಅಥವಾ ಮುಚ್ಚಿದ ಜಾಗದಲ್ಲಿ ಬೆಳಕಿನ ಎಳೆ ಕಾಣುತ್ತಿದ್ದರೆ, ಅದು ಗೋಡೆಗೆ ಅಲಂಕಾರವೇ ವಿನಾ ಹೊಲಕ್ಕೆ ತಕ್ಕದ್ದಲ್ಲ.

2. ಬಂದೂಕು ಕೆಡುವ ಬಗೆಗಳು

ಕೆಡುಕುಗಳು ನೋಡಲು ಹಲವಾಗಿ ಕಂಡರೂ ಅವನ್ನು ಐದು ಬಗೆಯಾಗಿ ವಿಂಗಡಿಸಬಹುದು.

(ಅ) ಸಿಡಿಯದೆ ಉಳಿಯುವುದು. ಕುದುರೆ ಬಡಿದರೂ ಬಂದೂಕು ಹಾರುವುದಿಲ್ಲ. ಕೇಪು ಶೀತ ಹಿಡಿದಿರಬಹುದು. ತೊಟ್ಟಿನ ತೂತು ಮಸಿಯಿಂದ ಮುಚ್ಚಿರಬಹುದು. ತೋಟಾ ಕೋವಿಯಾದರೆ ಕೇಪನ್ನು ಚುಚ್ಚುವ ಮೊಳೆಯು ಸವೆದಿರಬಹುದು. ಇದರಿಂದ ನೇರವಾದ ಹಾನಿಯಿಲ್ಲ. ಆದರೆ ಅದು ನಿಜವಾಗಿ ಸಿಡಿಯದೆ ಉಳಿದದ್ದೋ ಅಥವಾ ಮುಂದೆ ಹೇಳತಕ್ಕ ಎರಡನೆಯ ಬಗೆಯದೋ ಎಂಬುದು ಆ ಕ್ಷಣದಲ್ಲಿ ಯಾರಿಗೂ ತಿಳಿಯದು.

(ಆ) ತಡವಾಗಿ ಸಿಡಿಯುವುದು. ಮದ್ದು ತೇವವಾಗಿದ್ದರೆ ಕೇಪಿನ ಕಿಡಿಯು ಒಳಗೆ ಹೊಗೆಯಾಡುತ್ತ ಇದ್ದು, ಕೆಲವು ಕ್ಷಣಗಳು ಕಳೆದ ಮೇಲೆ ಒಮ್ಮೆಗೇ ಹತ್ತುವುದುಂಟು. ಅನೇಕರು ಬಂದೂಕು ಹಾರಲಿಲ್ಲವೆಂದು ಕಂಡೊಡನೆ ಅದನ್ನು ತಿರುಗಿಸಿ ಬಾಯಿಯೊಳಗೆ ಇಣಿಕಿ ನೋಡುತ್ತಾರೆ. ಇಲ್ಲವೇ ಥಟ್ಟನೆ ಹಿಂಬದಿಯನ್ನು ತೆರೆಯುತ್ತಾರೆ. ಇದಕ್ಕಿಂತ ಕೆಟ್ಟ ಅಭ್ಯಾಸವು ಬೇರೊಂದಿಲ್ಲ. ತೋಟಾ ಕೋವಿಯಾದರೆ ಕನಿಷ್ಠ ಅರ್ಧ ನಿಮಿಷವೂ, ಕೇಪಿನ ಕೋವಿಯಾದರೆ ಪೂರಾ ಎರಡು ನಿಮಿಷಗಳೂ, ಬಂದೂಕನ್ನು ಭುಜದಿಂದ ಇಳಿಸದಿದ್ದರೂ ಸರಿಯೆ, ನಿರಪಾಯಕರವಾದ ದಿಕ್ಕಿಗೇ ಹಿಡಿದು ಕಾಯತಕ್ಕದ್ದು. ಮನಸ್ಸಿನಲ್ಲಿ ನೂರಿಪ್ಪತ್ತರವರೆಗೆ ನಿಧಾನವಾಗಿ ಎಣಿಸುವುದು ಒಳ್ಳೆಯ ರೂಢಿ. ತರುವಾಯ ತೆರೆಯುವಾಗಲೂ ಮುಖವನ್ನು ಓರೆಯಾಗಿ ತಿರುಗಿಸಿಕೊಳ್ಳತಕ್ಕದ್ದು.

(ಇ) ಅರೆ ಸಿಡಿತ. ಢಂ ಎಂಬ ಸದ್ದಿಗೆ ಬದಲಾಗಿ ಪುಸ್ಸೆಂಬ ಸದ್ದು ಬಂದು, ಭುಜಕ್ಕೆ ಒದೆತವೂ ತಾಗದೆ ಹೋದರೆ, ಬಿಲ್ಲೆಯಾಗಲಿ ಚರೆಯಾಗಲಿ ನಳಿಗೆಯ ನಡುವೆಯೇ ಸಿಕ್ಕಿಕೊಂಡಿರುವುದೆಂದು ತಿಳಿಯಬೇಕು. ಹಂದಿ ತಪ್ಪಿಸಿಕೊಂಡೀತೆಂಬ ಆತುರದಲ್ಲಿ ಮತ್ತೊಂದು ತೋಟಾ ಹಾಕಿ ಹಾರಿಸಿದರೆ ನಳಿಗೆಯು ಒಡೆಯುವುದು. ಆದುದರಿಂದ ಸದ್ದಿನಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ಅಲ್ಲಿಗೇ ನಿಲ್ಲಿಸಿ, ಕಾದು, ತೋಟಾ ತೆಗೆದು, ಹಿಂಬದಿಯಿಂದ ನಳಿಗೆಯ ತುದಿಯವರೆಗೆ ಬೆಳಕು ಕಾಣುವುದೇ ಎಂದು ಪರೀಕ್ಷಿಸಿಯೇ ಮುಂದಿನ ಕೆಲಸ.

(ಈ) ನಳಿಗೆ ಒಡೆಯುವುದು. ಅತ್ಯಂತ ಭಯಂಕರವಾದುದು ಇದೇ. ಅರೆ ಸಿಡಿತವಲ್ಲದೆ ಇದಕ್ಕೆ ಬೇರೆ ಕಾರಣಗಳೂ ಉಂಟು. ಕೆಸರು ಗದ್ದೆಯ ಬದುವಿನಲ್ಲಿ ಜಾರಿದಾಗ ನಳಿಗೆಯ ಬಾಯಿಗೆ ಮಣ್ಣು ಮೆತ್ತಿಕೊಳ್ಳುವುದು. ಮೂಲೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಬಂದೂಕಿನ ಬಾಯೊಳಗೆ ಕಣಜವು ಮಣ್ಣಿನ ಗೂಡು ಕಟ್ಟುವುದು. ಒರಸಲು ತುರುಕಿದ ಬಟ್ಟೆಯು ಒಳಗೇ ಉಳಿದುಹೋಗುವುದು. ಒಂದು ಹಿಡಿ ಮಣ್ಣು ಉಕ್ಕನ್ನು ಹೇಗೆ ಒಡೆದೀತೆಂದು ಕೆಲವರು ಕೇಳುತ್ತಾರೆ. ಚರೆಯು ನಳಿಗೆಯನ್ನು ಬಿಡುವ ವೇಗವು ಸೆಕೆಂಡಿಗೆ ಸುಮಾರು 400 ಮೀಟರು. ಅಷ್ಟು ವೇಗದಿಂದ ಬರುವ ವಸ್ತುವಿಗೆ ಮೆತ್ತಗಿನ ಮಣ್ಣೂ ಬಂಡೆಯಂತೆ ಅಡ್ಡಬರುವುದು. ಹಿಂದಿನಿಂದ ಒತ್ತುವ ಆವಿಯು ಬೇರೆ ದಾರಿ ಕಾಣದೆ ನಳಿಗೆಯ ಗೋಡೆಯನ್ನೇ ಸೀಳುವುದು.

ತೋಟಾಗಳ ಅದಲುಬದಲು ಮತ್ತೊಂದು ಕಾರಣ. ಬಂದೂಕಿನ ನಂಬರು ದೊಡ್ಡದಾದಷ್ಟೂ ನಳಿಗೆಯು ಸಣ್ಣದು. ಒಂದು ಪೌಂಡು ಸೀಸದಿಂದ ಸಮನಾದ ಎಷ್ಟು ಗುಂಡುಗಳು ಆಗುವುವೋ ಅದೇ ಆ ನಳಿಗೆಯ ನಂಬರು. ಆದ್ದರಿಂದ 12ನೇ ನಂಬರಿನ ನಳಿಗೆಯ ಒಳಗಲ ಸುಮಾರು 18.5 ಮಿಲಿಮೀಟರು, 20ನೇ ನಂಬರಿನದು ಸುಮಾರು 15.6 ಮಿಲಿಮೀಟರು. ಕತ್ತಲೆಯಲ್ಲಿ 20ನೇ ನಂಬರಿನ ತೋಟಾವನ್ನು 12ನೇ ನಂಬರಿನ ಬಂದೂಕಿಗೆ ಹಾಕಿದರೆ ಅದು ಮುಂದಕ್ಕೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುವುದು. ಹಾಕಲೇ ಇಲ್ಲವೆಂದು ತಿಳಿದು ಹಿಂದೆ 12ನೇ ನಂಬರಿನದನ್ನು ಹಾಕಿ ಹಾರಿಸಿದರೆ ಒಂದರ ಹಿಂದೊಂದು ಸಿಡಿದು ಕೈಯೂ ಕಣ್ಣೂ ಎರಡೂ ಹೋಗುವುವು. ಈ ಕಾರಣದಿಂದಲೇ ಹೊರದೇಶಗಳ ತಯಾರಕರು 20ನೇ ನಂಬರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ಪದ್ಧತಿಯನ್ನು ಇಟ್ಟುಕೊಂಡಿದ್ದಾರೆ. ಎರಡು ನಂಬರಿನ ಬಂದೂಕುಗಳುಳ್ಳ ಮನೆಯವರು ತೋಟಾಗಳನ್ನು ಒಂದೇ ಚೀಲದಲ್ಲಿ ಎಂದಿಗೂ ಇಡಕೂಡದು. ಹಾಗೆಯೇ ಹಳೆಯ ಬಂದೂಕುಗಳಲ್ಲಿ ಕೆಲವು 65 ಮಿಲಿಮೀಟರು ಉದ್ದದ ತೋಟಾಕ್ಕೆ ಮಾತ್ರ ತಕ್ಕವು. ಅವಕ್ಕೆ 70 ಮಿಲಿಮೀಟರಿನದನ್ನು ಹಾಕಿದರೆ ಒಳಗೆ ಕೂರುವುದೇನೋ ಕೂರುವುದು, ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒತ್ತಡವು ಮಿತಿಮೀರುವುದು.

ಮೂರನೆಯ ಕಾರಣ ಮದ್ದಿನದು. ಪೆಟ್ಲುಪ್ಪು, ಇದ್ದಲು, ಗಂಧಕ ಇವುಗಳನ್ನು ಸುಮಾರು 75, 15, 10 ಪಾಲಿನಂತೆ ಬೆರೆಸಿದ ಕರಿಮದ್ದು ಒಂದು ಬಗೆ. ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದು ಬೇರೊಂದು ಬಗೆ. ಕರಿಮದ್ದಿಗೆಂದು ಮಾಡಿದ ಕೇಪಿನ ಕೋವಿಗೆ ತೋಟಾ ಬಿಚ್ಚಿ ತೆಗೆದ ಮದ್ದನ್ನು ಅದೇ ಅಳತೆಯಲ್ಲಿ ಸುರಿದರೆ ನಳಿಗೆಯು ತಾಳಲಾರದು. ಪಟಾಕಿ ಬಿಚ್ಚಿ ತೆಗೆದ ಮದ್ದು ಇನ್ನೂ ಕೇಡಿನದು. ಕೇಪು ಸಿಗದಾಗ ಬೆಂಕಿಕಡ್ಡಿಯ ತಲೆಯನ್ನು ಕೆರೆದು ಹಾಕುವುದೂ ಅಂಥ ಸಾಹಸವೇ ಸರಿ. ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳು ಕಾಣುವ, ಕಬ್ಬಿಣದ ಹಾಗೂ ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಹಳೆಯ ಕಾಲದ ತೋಟಾ ಕೋವಿಗಳಿಗೆ ಈಗಿನ ತೋಟಾ ಹಾಕತಕ್ಕದ್ದಲ್ಲ. ಬೆಸುಗೆಯ ನಡುವೆ ತುಕ್ಕು ಹಿಡಿದಿರುವುದು ಹೊರಗಿನಿಂದ ಕಾಣುವುದಿಲ್ಲ. ಕೇಪಿನ ಕೋವಿಗೆ ಒಮ್ಮೆ ತುಂಬಿದ್ದು ಮರೆತು ಎರಡನೆಯ ಸಲ ತುಂಬುವುದೂ ಅಪರೂಪವಲ್ಲ. ಬರಿದಾಗಿರುವಾಗ ಗಜವನ್ನು ಒಳಗಿಳಿಸಿ, ನಳಿಗೆಯ ಬಾಯಿಗೆ ಸಮನಾಗಿ ಅದರ ಮೇಲೆ ಒಂದು ಗುರುತು ಕೆತ್ತಿಟ್ಟುಕೊಂಡರೆ ತುಂಬಿದೆಯೋ ಇಲ್ಲವೋ ಎಂಬುದು ಮುಂದೆ ಸುಲಭವಾಗಿ ತಿಳಿಯುವುದು.

(ಉ) ಹಿಂಬದಿಯಿಂದ ಆವಿ, ಕಿಡಿ, ಚೂರುಗಳು ಬರುವುದು. ಕೇಪಿನ ಕೋವಿಯಲ್ಲಿ ತೊಟ್ಟು ಸವೆದು ತೂತು ಅಗಲವಾದರೆ, ಅಥವಾ ಕುದುರೆಯ ಹೊಡೆತವು ಓರೆಯಾದರೆ, ಕೇಪಿನ ತಗಡು ಛಿದ್ರವಾಗಿ ಸುತ್ತಲೂ ಸಿಡಿಯುವುದು. ಕುದುರೆಯ ತಲೆಯು ಕುಳಿಯಂತೆ ಇದ್ದು ಕೇಪನ್ನು ಮುಚ್ಚಿಕೊಳ್ಳುವಂತೆ ಮಾಡಿರುವುದು ಈ ಚೂರುಗಳನ್ನು ತಡೆಯುವುದಕ್ಕೇ. ಆ ಕುಳಿಯ ಅಂಚು ಸವೆದುಹೋದ ಕೋವಿಯು ಕಣ್ಣಿಗೆ ನೇರ ಶತ್ರು. ತೋಟಾ ಕೋವಿಯಲ್ಲಿ ಮೊಳೆಯು ಕೇಪನ್ನು ತೂತುಮಾಡಿಬಿಟ್ಟರೆ ಬಿಸಿಯಾದ ಆವಿಯು ಅದರ ಮೂಲಕ ಹಿಂದಕ್ಕೆ ನುಗ್ಗುವುದು. ನಳಿಗೆ ಒಡೆಯುವುದು ಅಪರೂಪ. ಚೂರು ಸಿಡಿಯುವುದು ಅಪರೂಪವಲ್ಲ. ಗದ್ದಲವಿಲ್ಲದೆ, ಬಂದೂಕಿಗೆ ಯಾವ ಹಾನಿಯೂ ಕಾಣದೆ, ಕಣ್ಣು ಮಾತ್ರ ಹೋಗುವುದು ಈ ಐದನೆಯ ಬಗೆಯಿಂದಲೇ.

ನೀರಿನ ಕೊಳವೆ ಮುಂತಾದವುಗಳಿಂದ ಕಳ್ಳತನದಲ್ಲಿ ಮಾಡಿದ ನಾಡ ಬಂದೂಕುಗಳ ವಿಷಯದಲ್ಲಿ ಈ ಐದೂ ಕೆಡುಕುಗಳು ಒಟ್ಟಿಗೆ ಕೂಡಿರುವುವು. ಬಂದೂಕಿನ ನಳಿಗೆಯನ್ನು ಮಾರುವ ಮೊದಲು ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಹಾರಿಸಿ, ತಾಳಿದವಕ್ಕೆ ಮಾತ್ರ ಮುದ್ರೆ ಒತ್ತುವ ಪದ್ಧತಿಯು ಲಂಡನ್ನಿನಲ್ಲಿ 1637ರಿಂದಲೂ, ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದಲೂ ನಡೆದು ಬಂದಿದೆ. ನಾಡ ಬಂದೂಕಿನ ಮೊದಲನೆಯ ಪರೀಕ್ಷೆಯಾದರೋ ಅದನ್ನು ಹಿಡಿದವನ ಮುಖದ ಎದುರಿಗೇ ನಡೆಯುವುದು. ಅದನ್ನು ಇಟ್ಟುಕೊಳ್ಳುವುದು 1959ರ ಆಯುಧಗಳ ಕಾಯಿದೆಯಂತೆ ಅಪರಾಧವೆಂಬುದು ಬೇರೆ ಮಾತು.

3. ಕಣ್ಣಿಗೆ ಆಗುವ ಹಾನಿ

ಇಂದ್ರಿಯಗಳೊಳಗೆ ಕಣ್ಣೇ ಮೇಲೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಅದರ ಮುಂಬದಿಯ ಪಾರದರ್ಶಕವಾದ ಪೊರೆಯು ನಡುವಿನಲ್ಲಿ ಕೇವಲ ಅರ್ಧ ಮಿಲಿಮೀಟರಿನಷ್ಟೇ ದಪ್ಪ. ಕೇಪಿನಿಂದ ಸಿಡಿದ ಅಕ್ಕಿನುಚ್ಚಿನಷ್ಟು ಚೂರಿಗೆ ಅದು ಯಾವ ತಡೆಯೂ ಅಲ್ಲ. ಚೂರು ಪೊರೆಯನ್ನು ತೂರಿ, ಒಳಗಿನ ಮಸೂರವನ್ನು ಒಡೆದು, ಹಿಂಬದಿಯ ಬೆಳಕನ್ನು ಗ್ರಹಿಸುವ ಪಟಲದವರೆಗೂ ಹೋಗಿ ನಿಲ್ಲಬಹುದು.

ಇಲ್ಲಿ ಮೋಸವೊಂದಿದೆ. ಅಷ್ಟು ಸಣ್ಣ ಚೂರು ಮಾಡಿದ ಗಾಯವು ತಾನಾಗಿಯೇ ಮುಚ್ಚಿಕೊಳ್ಳುವುದುಂಟು. ಮೊದಲ ದಿನದ ಉರಿ ಕಡಮೆಯಾಗಿ, ಕಣ್ಣು ಸ್ವಲ್ಪ ಕೆಂಪಾಗಿರುವುದನ್ನು ಬಿಟ್ಟರೆ ಎಲ್ಲವೂ ಸರಿಹೋಯಿತೆಂದು ತೋರುವುದು. ಒಳಗೆ ಉಳಿದದ್ದು ತಾಮ್ರವಾದರೆ ಕಣ್ಣಿನೊಳಗೆ ತೀವ್ರವಾದ ಉರಿಯೂತವನ್ನು ಉಂಟುಮಾಡುವುದು. ಕಬ್ಬಿಣವಾದರೆ ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ಕಾಲ, ಸ್ವಲ್ಪ ಸ್ವಲ್ಪವಾಗಿ ತುಕ್ಕು ಬಿಟ್ಟು ಪಟಲವನ್ನು ಕೊಲ್ಲುವುದು. ಚೂರಿನೊಡನೆ ಹೋದ ಕೊಳೆಯಿಂದ ಕೀವಾದರೆ ಎರಡು ಮೂರು ದಿನಗಳಲ್ಲೇ ಕಣ್ಣು ಹಾಳಾಗುವುದು.

ನಾನು ಸರ್ಕೀಟಿನಲ್ಲಿದ್ದಾಗ ಮಲೆನಾಡಿನ ಒಂದು ಗ್ರಾಮದಲ್ಲಿ ಅಡಕೆ ತೋಟದ ಯಜಮಾನರೊಬ್ಬರ ಬಲಗಣ್ಣಿಗೆ ಬಿಳಿಯ ಪೊರೆ ಕವಿದಿರುವುದನ್ನು ಕಂಡು ವಿಚಾರಿಸಿದೆನು. ಕೇಪು ಹೊಡೆದಾಗ ಏನೋ ಸೊಳ್ಳೆ ಕಚ್ಚಿದಷ್ಟು ಆಯಿತೆಂದೂ, ಮಾರನೆಯ ದಿನ ನೋವೇ ಇರಲಿಲ್ಲವಾಗಿ ಅಡಕೆ ಕೊಯ್ಲು ಮುಗಿಸಿಯೇ ಪಟ್ಟಣಕ್ಕೆ ಹೋದರಾಯಿತೆಂದು ತಡೆದೆನೆಂದೂ ಅವರು ಹೇಳಿದರು. ಕೊಯ್ಲು ಮುಗಿಯಿತು, ಪಟ್ಟಣಕ್ಕೂ ಹೋದರು, ವೈದ್ಯರು ಚೂರನ್ನೂ ತೆಗೆದರು. ಆದರೆ ದೃಷ್ಟಿಯು ತಿರುಗಿ ಬರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಯಿತು.

ಒಂದು ಕಣ್ಣು ಹೋದರೂ ಇನ್ನೊಂದಿದೆಯಲ್ಲ ಎಂಬ ಸಮಾಧಾನಕ್ಕೂ ಪೂರಾ ಆಧಾರವಿಲ್ಲ. ಒಂದು ಕಣ್ಣಿನ ಒಳಗಿನ ಪೊರೆಗಳು ಹರಿದಾಗ, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಪೆಟ್ಟೇ ತಾಗದ ಇನ್ನೊಂದು ಕಣ್ಣಿಗೂ ಉರಿಯೂತ ಬರುವುದುಂಟು. ಇದು ಅಪರೂಪವಾದರೂ ನಿಜ. ಕುರುಡರು ಬೆರಳಿನಿಂದ ಮುಟ್ಟಿ ಓದುವ ಲಿಪಿಯನ್ನು ರಚಿಸಿದ ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಅವರ ಹೆಸರನ್ನು ವಾಚಕರು ಕೇಳಿರಬಹುದು. 1809ರಲ್ಲಿ ಜನಿಸಿದ ಅವರು ಮೂರು ವರ್ಷದ ಮಗುವಾಗಿದ್ದಾಗ, ಕುದುರೆಯ ಜೀನು ಹೊಲಿಯುತ್ತಿದ್ದ ತಂದೆಯ ಅಂಗಡಿಯಲ್ಲಿ ದಬ್ಬಳದಂಥ ಉಪಕರಣವೊಂದು ಒಂದು ಕಣ್ಣಿಗೆ ಚುಚ್ಚಿತು. ಪೆಟ್ಟಾದದ್ದು ಒಂದಕ್ಕೆ, ಎರಡು ಮೂರು ವರ್ಷಗಳೊಳಗೆ ಕಳೆದುಕೊಂಡದ್ದು ಎರಡನ್ನೂ.

ಬಂದೂಕು ಹಿಡಿದವನಿಗಷ್ಟೇ ಈ ಅಪಾಯವೆಂದೂ ತಿಳಿಯಕೂಡದು. ಚರೆಯು ಕಲ್ಲಿಗೋ ಗಟ್ಟಿಯಾದ ಮರಕ್ಕೋ ತಾಗಿದರೆ ದಿಕ್ಕು ಬದಲಾಯಿಸಿ ಪಕ್ಕದವರತ್ತ ಬರುವುದು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾರವರ ಅಳಿಯಂದಿರಾದ ರಾಜಕುಮಾರ ಕ್ರಿಶ್ಚಿಯನ್ ಅವರು 1891ರ ಡಿಸೆಂಬರಿನಲ್ಲಿ ಬೇಟೆಗೆ ಹೋಗಿದ್ದಾಗ, ರಾಣಿಯವರ ಮಗನೇ ಆದ ಕನ್ನಾಟಿನ ಡ್ಯೂಕರ ಬಂದೂಕಿನಿಂದ ದಾರಿ ತಪ್ಪಿ ಬಂದ ಚರೆ ತಾಗಿ ಒಂದು ಕಣ್ಣನ್ನು ಕಳೆದುಕೊಂಡರು. ಅರಮನೆಯವರ ಒಳ್ಳೆಯ ಬಂದೂಕು, ಹಗಲು ಹೊತ್ತು, ಅಭ್ಯಾಸವಿದ್ದ ಕೈ. ಇಷ್ಟಿದ್ದೂ ತಪ್ಪದ ಆಪತ್ತು ರಾತ್ರಿಯ ಕತ್ತಲೆಯಲ್ಲಿ ಹಳೆಯ ಕೋವಿ ಹಿಡಿದ ನಮ್ಮ ಕಾವಲುಗಾರರನ್ನು ಬಿಟ್ಟೀತೆಂದು ನಂಬಲು ಕಾರಣವಿಲ್ಲ.

4. ಕಣ್ಣಿಗೆ ಕನ್ನಡಕ

ಇದಕ್ಕೆ ಪರಿಹಾರವು ಆಶ್ಚರ್ಯಪಡುವಷ್ಟು ಸುಲಭವಾಗಿದೆ. ಪಾಲಿಕಾರ್ಬೊನೇಟ್ ಎಂಬ ಗಾಜಿನಂತೆ ತಿಳಿಯಾದ, ಆದರೆ ಗಾಜಿನಂತೆ ಒಡೆಯದ ಒಂದು ಪ್ಲಾಸ್ಟಿಕ್ಕನ್ನು 1953ರಲ್ಲಿ ಜರ್ಮನಿಯಲ್ಲಿಯೂ ಅಮೆರಿಕದಲ್ಲಿಯೂ ವಿಜ್ಞಾನಿಗಳು ಬೇರೆ ಬೇರೆಯಾಗಿಯೇ ಕಂಡುಹಿಡಿದರು. ಅದರಿಂದ ಮಾಡಿದ ರಕ್ಷಣೆಯ ಕನ್ನಡಕಗಳು ಈಗ ಪಟ್ಟಣಗಳ ಉಪಕರಣಗಳ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳೊಳಗೆ ದೊರೆಯುತ್ತವೆ. ಒಂದು ಬಂದೂಕಿನ ಬೆಲೆಯೊಡನೆ ಹೋಲಿಸಿದರೆ ಇದು ಲೆಕ್ಕಕ್ಕೇ ಬರುವುದಿಲ್ಲ.

ಕೊಳ್ಳುವಾಗ ಗುರುತು ನೋಡಿ ಕೊಳ್ಳತಕ್ಕದ್ದು. ಯೂರೋಪಿನ ಇಎನ್ 166 ಎಂಬ ಪ್ರಮಾಣದಲ್ಲಿ ಎಫ್ ಎಂಬ ಗುರುತುಳ್ಳ ಕನ್ನಡಕವು, 6 ಮಿಲಿಮೀಟರು ಅಡ್ಡಳತೆಯ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರು ವೇಗದಿಂದ ಬಡಿದರೂ ತಾಳಬೇಕು. ಬಿ ಎಂಬ ಗುರುತುಳ್ಳ, ಮುಖಕ್ಕೆ ಒತ್ತಿ ಕೂರುವ ಬಗೆಯದು 120 ಮೀಟರಿಗೂ ತಾಳಬೇಕು. ಅಮೆರಿಕದ ಪ್ರಮಾಣದಂತೆ ಮಾಡಿದವುಗಳ ಮೇಲೆ ಜೆಡ್ 87 ಎಂಬ ಗುರುತಿನ ಮುಂದೆ ಕೂಡಿಸುವ ಚಿಹ್ನೆಯು ಇರುವುದು. ನಮ್ಮ ದೇಶದಲ್ಲಿ ಕಣ್ಣಿನ ರಕ್ಷಕಗಳಿಗೆ ಐಎಸ್ 5983 ಎಂಬ ಪ್ರಮಾಣವುಂಟು. ಇವುಗಳಲ್ಲಿ ಯಾವ ಗುರುತೂ ಇಲ್ಲದ, ಸಂತೆಯಲ್ಲಿ ಮಾರುವ ಬಿಸಿಲಿನ ಕನ್ನಡಕಗಳನ್ನು ನಂಬತಕ್ಕದ್ದಲ್ಲ. ಇವಲ್ಲದೆ ಕೆಳಗಿನ ಸಂಗತಿಗಳನ್ನೂ ಗಮನಿಸಬೇಕು.

ಕನ್ನಡಕವು ಕಪೋಲದ ಪಕ್ಕದವರೆಗೂ ಬಾಗಿ ಬಂದಿರಬೇಕು. ಕೇಪಿನ ಚೂರು ಬಹುಮಟ್ಟಿಗೆ ಪಕ್ಕದಿಂದಲೇ ಬರುವುದು. ಬೆಳೆ ಕಾವಲು ರಾತ್ರಿಯ ಕೆಲಸವಾದ್ದರಿಂದ ಬಣ್ಣವಿಲ್ಲದ, ತಿಳಿಯಾದುದನ್ನೇ ಆರಿಸಬೇಕು. ಕಪ್ಪು ಕನ್ನಡಕ ಹಾಕಿಕೊಂಡು ಕತ್ತಲೆಯಲ್ಲಿ ಬಂದೂಕು ಹಿಡಿಯುವುದು ಒಂದು ಅಪಾಯವನ್ನು ಬಿಟ್ಟು ಇನ್ನೊಂದಕ್ಕೆ ಬೀಳುವುದೇ ಸರಿ. ಓದುವ ಕನ್ನಡಕವು ಇದಕ್ಕೆ ಬದಲಾಗದು. ಗಾಜಿನದಾದರೆ ಅದೇ ಒಡೆದು ಕಣ್ಣಿಗೆ ಹೋಗುವುದು. ದೃಷ್ಟಿದೋಷವುಳ್ಳವರು ತಮ್ಮ ಕನ್ನಡಕದ ಮೇಲೆಯೇ ಹಾಕಿಕೊಳ್ಳುವಂಥ ದೊಡ್ಡ ರಕ್ಷಕಗಳೂ ಉಂಟು. ಮಂಜಿನ ದಿನಗಳಲ್ಲಿ ಆವಿ ಕಟ್ಟದಂತೆ ಲೇಪನ ಮಾಡಿದ್ದನ್ನು ಕೊಳ್ಳುವುದು ಉತ್ತಮ. ತೊಳೆಯುವುದಕ್ಕೆ ಸಾಬೂನಿನ ನೀರೂ ಮೆತ್ತಗಿನ ಬಟ್ಟೆಯೂ ಸಾಕು. ಪೆಟ್ರೋಲು, ಥಿನ್ನರುಗಳನ್ನು ತಾಗಿಸಿದರೆ ಸೀಳು ಬಿಡುವುದು. ಆಳವಾಗಿ ಗೀರು ಬಿದ್ದದ್ದನ್ನೂ, ಒಮ್ಮೆ ಪೆಟ್ಟು ತಾಳಿದ್ದನ್ನೂ ಬದಲಾಯಿಸಿಬಿಡಬೇಕು.

ಈ ಕನ್ನಡಕವು ಎದುರಿನಿಂದ ಹತ್ತಿರದಲ್ಲಿ ಹಾರಿಸಿದ ಬಂದೂಕಿಗೆ ಗುರಾಣಿಯಲ್ಲವೆಂಬುದನ್ನೂ ಹೇಳಬೇಕು. ಅದು ತಡೆಯುವುದು ಕೇಪಿನ ಚೂರು, ಮದ್ದಿನ ಕಾಳು, ಬಿಸಿಯಾದ ಆವಿ, ದೂರದಿಂದ ವೇಗ ಕಳೆದುಕೊಂಡು ಬಂದ ಚರೆ ಇವುಗಳನ್ನು. ನಮ್ಮ ಜನರ ಕಣ್ಣುಗಳನ್ನು ಕೆಡಿಸುತ್ತಿರುವುದು ಬಹುಪಾಲು ಇವೇ. ಒಲಿಂಪಿಕ್ ಮುಂತಾದ ಗುರಿಸ್ಪರ್ಧೆಗಳ ನಿಯಮಗಳಲ್ಲಿಯೂ ಒಡೆಯದ ಕನ್ನಡಕವನ್ನು ಧರಿಸುವಂತೆ ಸ್ಪರ್ಧಿಗಳಿಗೆ ಒತ್ತಾಯದ ಸಲಹೆಯಿದೆ. ಹೊಸ ಬಂದೂಕುಗಳನ್ನು ಹಿಡಿದ ನುರಿತವರಿಗೆ ಬೇಕಾದದ್ದು ನಮಗೆ ಬೇಡವೆನ್ನಲಾಗದು.

ಇದೇ ಕನ್ನಡಕವು ಕಳೆ ಕತ್ತರಿಸುವ ಯಂತ್ರವನ್ನು ನಡೆಸುವಾಗಲೂ, ಕಲ್ಲು ಒಡೆಯುವಾಗಲೂ ಉಪಯೋಗಕ್ಕೆ ಬರುವುದು. ಬೋರ್ಡೋ ದ್ರಾವಣವನ್ನೋ ಕೀಟನಾಶಕವನ್ನೋ ಸಿಂಪಡಿಸುವುದಕ್ಕೆ ಮಾತ್ರ ಸುತ್ತಲೂ ಮುಚ್ಚಿಕೊಳ್ಳುವ ಬೇರೆ ಬಗೆಯದು ಬೇಕು. ಬಂದೂಕಿನ ಸದ್ದು 140 ಡೆಸಿಬೆಲ್ಲಿಗೂ ಮೀರಿದ್ದಾದ್ದರಿಂದ ಕಿವಿಗೂ ಮುಚ್ಚಳವಿದ್ದರೆ ಒಳ್ಳೆಯದು.

5. ಪೆಟ್ಟಾದ ಮೇಲೆ ಮಾಡತಕ್ಕದ್ದು

ಎಷ್ಟು ಎಚ್ಚರವಿದ್ದರೂ ಪೆಟ್ಟಾದರೆ, ಗಾಯಗೊಂಡವರು ಕಣ್ಣನ್ನು ಉಜ್ಜಕೂಡದು. ಬೇರೆಯವರು ರೆಪ್ಪೆಯನ್ನು ಬಲವಂತದಿಂದ ಬಿಡಿಸಿ ನೋಡಕೂಡದು. ಚುಚ್ಚಿಕೊಂಡ ಚೂರನ್ನು ಕೀಳುವ ಪ್ರಯತ್ನವನ್ನು ಎಂದಿಗೂ ಮಾಡಕೂಡದು. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ, ಅಥವಾ ಅಂಥದೇ ಗಟ್ಟಿಯಾದ ಶುದ್ಧವಾದ ಬಟ್ಟಲನ್ನು, ಕಣ್ಣಿಗೆ ತಾಗದಂತೆ ಸುತ್ತಲಿನ ಎಲುಬಿನ ಮೇಲೆ ಕೂರುವ ಹಾಗೆ ಇಟ್ಟು ಹಗುರವಾಗಿ ಕಟ್ಟಬೇಕು. ಹತ್ತಿಯನ್ನಿಟ್ಟು ಬಿಗಿಯಾಗಿ ಕಟ್ಟಿದರೆ ಒಡೆದ ಕಣ್ಣಿನ ಒಳಗಿನದು ಹೊರಕ್ಕೆ ಬರುವುದು. ಎದೆಹಾಲು, ಎಲೆಯ ರಸ, ಹರಳೆಣ್ಣೆ, ತುಪ್ಪ ಮುಂತಾದುವನ್ನು ಬಿಡುವುದರಿಂದ ಗಾಯಕ್ಕೆ ಕೊಳೆ ಸೇರುವುದಲ್ಲದೆ ಬೇರಾವ ಪ್ರಯೋಜನವೂ ಇಲ್ಲ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಆಹಾರಪಾನೀಯಗಳನ್ನು ಕೊಡದೆ, ತಲೆಯನ್ನು ಎತ್ತರವಾಗಿ ಇಟ್ಟು, ಅದೇ ರಾತ್ರಿಯೇ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಚುಚ್ಚಿದ ಗಾಯವಿಲ್ಲದೆ ಮದ್ದಿನ ಪುಡಿ ಮಾತ್ರ ಬಿದ್ದಿದ್ದರೆ ಶುದ್ಧವಾದ ನೀರಿನಿಂದ ಚೆನ್ನಾಗಿ ತೊಳೆದು ಕರೆದೊಯ್ಯಬೇಕು.

ಬಂದೂಕಿನಿಂದ ಆದ ಪೆಟ್ಟೆಂಬುದನ್ನೂ, ಲೋಹದ ಚೂರು ಒಳಗಿರಬಹುದೆಂಬುದನ್ನೂ ವೈದ್ಯರಿಗೆ ಮರೆಮಾಚದೆ ಹೇಳಬೇಕು. ಏಕೆಂದರೆ ಅಯಸ್ಕಾಂತದಿಂದ ನಡೆಯುವ ಎಂ.ಆರ್.ಐ. ಎಂಬ ಪರೀಕ್ಷೆಯು ಅಂಥವರಿಗೆ ಅಪಾಯಕರ. ಧನುರ್ವಾತದ ಚುಚ್ಚುಮದ್ದನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿಯೂ ಕಣ್ಣಿನ ವಿಭಾಗಗಳಿವೆ. ಬೆಂಗಳೂರಿನಲ್ಲಿ 1896ರಲ್ಲಿ ಸ್ಥಾಪಿತವಾದ ಮಿಂಟೋ ಕಣ್ಣಿನ ಆಸ್ಪತ್ರೆಯು ಇಂದಿಗೂ ಸೇವೆ ಸಲ್ಲಿಸುತ್ತಿದೆ.

6. ಮುಖಂಡರ ಹಾಗೂ ಜಮೀನುದಾರರ ಹೊಣೆ

ಕಡೆಯದಾಗಿ ಮುಖ್ಯವಾದ ಒಂದು ಮಾತನ್ನು ಹೇಳಬೇಕಾಗಿದೆ. ಬಂದೂಕಿನ ಲೈಸೆನ್ಸು ಯಜಮಾನರ ಹೆಸರಿನಲ್ಲಿರುವುದು. ಅಟ್ಟಣೆಯ ಮೇಲೆ ರಾತ್ರಿ ಎಚ್ಚರವಾಗಿ ಕೂರುವವನು ಅನೇಕ ಕಡೆ ಕೂಲಿಯ ಆಳು. ಲೈಸೆನ್ಸಿನಲ್ಲಿ ಹೆಸರು ನಮೂದಾಗದವರ ಕೈಗೆ ಬಂದೂಕನ್ನು ಕೊಡುವುದು ಕಾಯಿದೆಗೆ ವಿರೋಧವಾದುದು. ಕಾಯಿದೆಯ ಮಾತು ಹಾಗಿರಲಿ; ಕೆಟ್ಟ ಬಂದೂಕಿನಿಂದ ಕಣ್ಣು ಕಳೆದುಕೊಂಡ ಆಳಿಗೆ ಹಂದಿ ತಿಂದ ಬೆಳೆಯ ಬೆಲೆಯಿಂದ ಯಾರು ತಾನೇ ಪರಿಹಾರ ಕಟ್ಟಿಕೊಟ್ಟಾರು? ಬೆಳೆಯು ಮುಂದಿನ ವರ್ಷ ಮತ್ತೆ ಬರುವುದು. ಕಣ್ಣು ಬರುವುದಿಲ್ಲ.

ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ರಹದಾರಿಯಲ್ಲವೆಂಬುದನ್ನೂ ಗ್ರಾಮಸ್ಥರಿಗೆ ತಿಳಿಯಹೇಳತಕ್ಕದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಬೆಳೆಗೆ ಹಾನಿ ಮಾಡುವ ಕಾಡುಹಂದಿಯನ್ನಾದರೂ ಅಧಿಕಾರವುಳ್ಳವರ ಅನುಮತಿಯಿಲ್ಲದೆ ಕೊಲ್ಲಕೂಡದು. ಬೆದರಿಸುವುದಕ್ಕೆಂದು ಬರಿಯ ಮದ್ದನ್ನು ಹಾರಿಸುವಾಗಲೂ ಕನ್ನಡಕವು ಬೇಕು. ಕೇಪು ಸಿಡಿಯುವುದಕ್ಕೆ ಚರೆ ಇದೆಯೋ ಇಲ್ಲವೋ ಎಂಬ ಭೇದವಿಲ್ಲ. ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡಗಿನ ಮನೆತನಗಳು ಹುಟ್ಟು ಸಾವುಗಳಲ್ಲಿ ಸಂಪ್ರದಾಯದಂತೆ ಗುಂಡು ಹಾರಿಸುವಾಗಲೂ ಇದು ಸಲ್ಲುವುದು. ಸರ್ಕಾರದ ವಿನಾಯಿತಿಯು ಕಾಯಿದೆಗೆ ಮಾತ್ರ. ಮದ್ದಿನ ಸ್ವಭಾವಕ್ಕೆ ಯಾರೂ ವಿನಾಯಿತಿ ಕೊಡಲಾರರು.

ಆದುದರಿಂದ ಪ್ರತಿಯೊಂದು ಗ್ರಾಮದಲ್ಲಿಯೂ ಮುಖಂಡರು ಕಾವಲಿನ ಕಾಲಕ್ಕೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ ಈ ಕೆಳಕಂಡಂತೆ ನಡೆಸುವುದು ಶ್ರೇಯಸ್ಕರ:

1. ಮಳೆಗಾಲ ಕಳೆದೊಡನೆ ಪ್ರತಿ ಬಂದೂಕನ್ನೂ ಬರಿದುಮಾಡಿ, ಒರೆಸಿ, ನಳಿಗೆಯಲ್ಲಿ ಬೆಳಕು ಕಾಣುವುದೇ ಎಂದು ನೋಡುವುದು. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿ ಹಿಂದಕ್ಕೆ ತಂದ ಬಂದೂಕನ್ನು ಹೀಗೆ ನೋಡದೆ ತುಂಬಕೂಡದು.

2. ಸವೆದ ತೊಟ್ಟು, ಸಡಿಲವಾದ ಹಿಂಬದಿ, ಉಬ್ಬಿದ ಅಥವಾ ತಗ್ಗುಬಿದ್ದ ನಳಿಗೆ ಕಂಡರೆ ಲೈಸೆನ್ಸುಳ್ಳ ಬಂದೂಕು ರಿಪೇರಿಯವರಿಗೆ ತೋರಿಸುವುದು; ಊರಿನ ಕಮ್ಮಾರರ ಕುಲುಮೆಗೆ ಒಯ್ಯಕೂಡದು.

3. ಉಬ್ಬಿದ, ಹಸಿರು ಕಿಲುಬು ಹಿಡಿದ, ನೀರು ತಾಗಿದ ತೋಟಾಗಳನ್ನು ಬೇರ್ಪಡಿಸಿ, ಅವುಗಳನ್ನು ಒಲೆಗಾಗಲಿ ತಿಪ್ಪೆಗಾಗಲಿ ಎಸೆಯದೆ, ಲೈಸೆನ್ಸುಳ್ಳ ವ್ಯಾಪಾರಿಯನ್ನು ಅಥವಾ ಠಾಣೆಯನ್ನು ವಿಚಾರಿಸಿ ಒಪ್ಪಿಸುವುದು. ಉಳಿದವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡದೆ ತಂಪಾದ, ಒಣಗಿದ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುವುದು.

4. ಪ್ರತಿ ಬಂದೂಕಿಗೂ ಎರಡು ಕನ್ನಡಕಗಳನ್ನು ಕೊಳ್ಳುವುದು. ಒಂದು ಹಾರಿಸುವವನಿಗೆ, ಇನ್ನೊಂದು ಜೊತೆಗೆ ಕೂರುವವನಿಗೆ. ಅವನ್ನು ಬಂದೂಕಿನ ಚೀಲಕ್ಕೇ ಕಟ್ಟಿ ಇಡುವುದು. ಬೇರೆ ಇಟ್ಟದ್ದು ಬೇಕಾದಾಗ ಕೈಗೆ ಸಿಗದು.

5. ಬಂದೂಕು ಹಾರದಿದ್ದರೆ ಕಾಯಬೇಕು, ಸದ್ದು ಬೇರೆಯಾದರೆ ನಿಲ್ಲಿಸಬೇಕು, ಕಣ್ಣಿಗೆ ಏನಾದರೂ ತಾಗಿದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು ಎಂಬ ಈ ಮೂರು ಮಾತುಗಳನ್ನು ಕಾವಲುಗಾರರಿಗೆ ಬಾಯಿಪಾಠವಾಗುವಂತೆ ಹೇಳುವುದು.

ಗ್ರಾಮದ ಹಿರಿಯರು ತಾವೇ ಕನ್ನಡಕವನ್ನು ಧರಿಸಿ ಬಂದೂಕು ಹಿಡಿದರೆ ಉಳಿದವರು ನಗುವುದನ್ನು ಬಿಟ್ಟು ಅನುಸರಿಸುವರು. ಹೊಸ ತಳಿಯ ಬೀಜವೂ ಹೊಸ ಬಗೆಯ ನೇಗಿಲೂ ನಮ್ಮ ಗ್ರಾಮಗಳಿಗೆ ಬಂದದ್ದು ಹೀಗೆಯೇ ಅಲ್ಲವೇ? ಈ ವರ್ಷದ ತೆನೆಯು ಹಾಲುಗಟ್ಟುವುದಕ್ಕೆ ಮುಂಚೆಯೇ ವಾಚಕ ಮಹಾಶಯರು ಇದನ್ನು ತಮ್ಮ ತಮ್ಮ ಗ್ರಾಮಗಳಲ್ಲಿ ಆಚರಣೆಗೆ ತರುವರೆಂದು ನಂಬಿರುತ್ತೇನೆ.